ಡೆಸ್ಕ್‌ಟಾಪ್ ಬಿಚ್ಚಿ ಭಾಗ ಬದಲಾಯಿಸುವುದು: ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು

ತಿಪಟೂರಿನಲ್ಲಿ ನಮ್ಮ ಸೋದರಮಾವನದು ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಅಲ್ಲಿರುವುದು ನಾಲ್ಕನೇ ಜನರೇಷನ್ ಐ3 ಕಂಪ್ಯೂಟರ್. ಬೆಳಿಗ್ಗೆ ಸ್ವಿಚ್ ಒತ್ತಿ, ಅಂಗಡಿ ಗುಡಿಸಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ ಬಂದರೂ ಪರದೆಯ ಮೇಲೆ ಬಿಳಿ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. "ಹೊಸದೇ ತಗೊಂಡ್ಬಿಡ್ಲೇನೋ?" ಅಂತ ಮಾವ ಕೇಳಿದರು. "ಬೇಡ ಮಾವ, ಒಂದು ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ಹಾಕೋಣ, ಸಾಕು" ಅಂದೆ. ಎಸ್‌ಎಸ್‌ಡಿ ಎಂದರೆ ಹಾರ್ಡ್ ಡಿಸ್ಕಿನ ಬದಲು ಬರುವ, ಚಿಪ್ಪಿನಲ್ಲಿ ಫೈಲು ಇಡುವ ಡಿಸ್ಕ್. ರ‍್ಯಾಮ್ ಎಂದರೆ ನಡೆಯುತ್ತಿರುವ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳುವ ಮೆಮೊರಿ ಪಟ್ಟಿ. ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ಇಬ್ಬರೂ ಕೂತೆವು. ನಾನು ಬಿಚ್ಚುತ್ತಿದ್ದೆ, ಮಾವ ಪಕ್ಕದಲ್ಲಿ ಟಾರ್ಚ್ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಕಂಪ್ಯೂಟರ್ ಬಿಚ್ಚಿದರೆ ಹಾಳಾಗುತ್ತದೆ ಎಂಬ ಭಯ ಬೇಡ. ಡೆಸ್ಕ್‌ಟಾಪ್ ಮಾಡಿರುವುದೇ ಬಿಚ್ಚಿ ಜೋಡಿಸಲಿಕ್ಕೆ. ಒಳಗೆ ಪ್ರತಿ ಭಾಗಕ್ಕೂ ಒಂದು ಕೊಕ್ಕೆಯೋ, ಕಚ್ಚೋ, ಸ್ಕ್ರೂವೋ ಇರುತ್ತದೆ. ಅದನ್ನು ಬಿಡಿಸಿದರೆ ಭಾಗ ತಾನಾಗಿ ಬರುತ್ತದೆ. ಹಾಕುವಾಗ ಕೆಲವಕ್ಕೆ ಎದೆ ಝಲ್ ಅನ್ನುವಷ್ಟು ಒತ್ತಬೇಕು, ಕೆಲವಕ್ಕೆ ಬೆರಳಿನ ಭಾರವೂ ಬೀಳಬಾರದು. ಇವೆರಡು ಅದಲುಬದಲಾದಾಗಲೇ ಏನಾದರೂ ಮುರಿಯುವುದು. ಅದಕ್ಕೇ ಪ್ರತಿ ಭಾಗದ ಹತ್ತಿರ ಬಂದಾಗಲೂ ಎಷ್ಟು ಒತ್ತಬೇಕು ಎಂದು ಹೇಳುತ್ತಾ ಹೋಗುತ್ತೇನೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು

ಏನು ಬದಲಾಯಿಸಬೇಕು ಎಂಬುದು ಖಚಿತವಾಗಿರಲಿ. ನಿಧಾನಕ್ಕೆ ಕಾರಣ ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ರ‍್ಯಾಮ್ ಎಷ್ಟು ತುಂಬಿದರೂ ಪ್ರಯೋಜನ ಇಲ್ಲ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸುಮ್ನೆ ಇದ್ದಾಗಲೂ ಡಿಸ್ಕ್ ಮುಂದೆ 100 ಪರ್ಸೆಂಟ್ ತೋರಿಸುತ್ತಿದ್ದರೆ ಡಿಸ್ಕಿನದೇ ಸಮಸ್ಯೆ ಇರುವ ಸಾಧ್ಯತೆ ಜಾಸ್ತಿ. ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಫೈಲಿನ ತುಣುಕು ಹುಡುಕಲು ಸುಮಾರು 10 ಮಿಲಿಸೆಕೆಂಡ್ ಬೇಕು. ಎಸ್‌ಎಸ್‌ಡಿಗೆ ಅದರ ನೂರರಲ್ಲೊಂದು ಪಾಲು ಸಾಕು. ಹಳೇ ಯಂತ್ರಕ್ಕೆ ಜೀವ ಬರುವುದು ಇದರಿಂದಲೇ.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ನಿನಿಂದ ಈಚಿನದು ಬೇಕು. ಹಾಗಾಗಿ ಮಾವನದರಂಥ ಯಂತ್ರಕ್ಕೆ ಜಾಸ್ತಿ ದುಡ್ಡು ಸುರಿಯಬೇಡಿ. ಎಸ್‌ಎಸ್‌ಡಿಯನ್ನು ನಾಳೆ ಹೊಸ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು. ಮಾವನ ಯಂತ್ರದ್ದು ಡಿಡಿಆರ್3 ಎಂಬ ಹಳೇ ಮಾದರಿಯ ರ‍್ಯಾಮ್, ಅದು ಹೊಸದಕ್ಕೆ ಕೂರುವುದಿಲ್ಲ. ಎಸ್‌ಎಸ್‌ಡಿ ಹೊಸದು ತಂದು, ರ‍್ಯಾಮ್ ಸೆಕೆಂಡ್ ಹ್ಯಾಂಡ್ ತಂದರೆ ಜಾಣತನ. ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಿ ಕೊಳ್ಳಿ, ಊರಿನ ಅಂಗಡಿಯಲ್ಲೇ ಕೊಳ್ಳಿ, ಹಳೇ ಭಾಗದ ಮೇಲಿನ ಸ್ಟಿಕ್ಕರಿನ ಫೋಟೋ ಮತ್ತು ಮದರ್‌ಬೋರ್ಡಿನ (ಎಲ್ಲ ಭಾಗಗಳೂ ಸೇರುವ ದೊಡ್ಡ ಬೋರ್ಡಿನ) ಮಾಡೆಲ್ ನಂಬರ್ ಜೊತೆಗಿರಲಿ. "ಅದೇ ಥರದ್ದು ಕೊಡಿ" ಅಂತ ಬಾಯಲ್ಲಿ ಹೇಳಿದರೆ ಸಾಲದು.

ಆಮೇಲೆ ಬ್ಯಾಕಪ್. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಮಾವನ ಡಿಸ್ಕಿನಲ್ಲಿ ಹತ್ತು ವರ್ಷದ ಮದುವೆ ಕಾರ್ಡು, ನಾಮಕರಣ ಕಾರ್ಡು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕ್ರಯಪತ್ರಗಳಿದ್ದವು. ಮೊದಲು ಅದೆಲ್ಲವನ್ನೂ ಹೊರಗಿನ ಡಿಸ್ಕಿಗೆ ಹಾಕಿಕೊಂಡೆವು. ಎರಡು ಮೂರು ಫೈಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದೂ ನೋಡಿದೆವು. ಹಳೇ ಕನ್ನಡ ಫೈಲುಗಳಿದ್ದರೆ ಅವುಗಳ ಫಾಂಟುಗಳನ್ನೂ ಕಾಪಿ ಮಾಡಿ. ಫಾಂಟ್ ಇಲ್ಲದೆ ತೆರೆದರೆ ಅಕ್ಷರ ಎಲ್ಲ ಕಲಸುಮೇಲೋಗರ ಆಗಿ ಕಾಣುತ್ತದೆ.

ನಿಮ್ಮದು ಹೊಸ ಯಂತ್ರವಾದರೆ ಇನ್ನೊಂದು ಎಚ್ಚರಿಕೆ. ವಿಂಡೋಸ್ 11ರಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿರಬಹುದು. ಮದರ್‌ಬೋರ್ಡನ್ನೋ ಪ್ರೊಸೆಸರನ್ನೋ ಬದಲಾಯಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಒಳಗಿನ ಫೈಲುಗಳು ಕೈಗೆ ಸಿಗುವುದಿಲ್ಲ. ಮೊದಲೇ ಹುಡುಕಿ, ಕಾಗದದ ಮೇಲೆ ಬರೆದಿಡಿ.

ಸಾಮಾನು ಜಾಸ್ತಿ ಬೇಡ. ತುದಿಯಲ್ಲಿ ಅಯಸ್ಕಾಂತ ಇರುವ, ಮಧ್ಯಮ ಗಾತ್ರದ ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಟಾರ್ಚ್, ಪೇಂಟ್ ಹೊಡೆಯುವ ಮೆತ್ತನೆ ಬ್ರಷ್, ಒಂದು ಐಸ್‌ಕ್ರೀಂ ಕಡ್ಡಿ, ಸ್ಕ್ರೂ ಇಡಲು ಮೂರು ನಾಲ್ಕು ಸಣ್ಣ ಬಟ್ಟಲು. ಪ್ರೊಸೆಸರನ್ನು ತಂಪಾಗಿಡುವ ಕೂಲರ್ ತೆಗೆಯುವುದಿದ್ದರೆ ಅದರಡಿಗೆ ಹಚ್ಚುವ ಥರ್ಮಲ್ ಪೇಸ್ಟ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್. ಜಾಗ ಮರದ ಮೇಜಾಗಿರಲಿ. ಹಾಸಿಗೆ, ಜಮಖಾನೆ, ಪ್ಲಾಸ್ಟಿಕ್ ಚಾಪೆ ಬೇಡ.

ಕರೆಂಟ್, ಅರ್ಥಿಂಗ್, ಮೈಯಲ್ಲಿನ ಸ್ಟ್ಯಾಟಿಕ್

ಶಟ್‌ಡೌನ್ ಮಾಡಿ. ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್. ಗೋಡೆಯ ಸ್ವಿಚ್ ಆರಿಸಿ ಸುಮ್ಮನಾಗಬೇಡಿ, ಪವರ್ ವೈರನ್ನು ಕ್ಯಾಬಿನೆಟ್ಟಿನ ಹಿಂದಿನಿಂದಲೇ ಕೀಳಿ. ಯುಪಿಎಸ್ ಇರುವ ಕಡೆ ಇದು ಇನ್ನೂ ಮುಖ್ಯ. ಗೋಡೆಯ ಸ್ವಿಚ್ ಆರಿಸಿದರೂ ಯುಪಿಎಸ್ ತನ್ನ ಬ್ಯಾಟರಿಯಿಂದ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಮಾನಿಟರ್, ಪ್ರಿಂಟರ್, ನೆಟ್ ಕೇಬಲ್ ಎಲ್ಲ ತೆಗೆಯಿರಿ. ತೆಗೆಯುವ ಮೊದಲು ಹಿಂಭಾಗದ ಒಂದು ಫೋಟೋ ತೆಗೆದುಕೊಳ್ಳಿ.

ವೈರ್ ಕಿತ್ತ ಮೇಲೆ ಪವರ್ ಬಟನ್ನನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಫ್ಯಾನ್ ಒಂದು ಸಲ ಮಿಸುಕಬಹುದು, ಹೆದರಬೇಡಿ. ಎಷ್ಟೋ ಮದರ್‌ಬೋರ್ಡುಗಳಲ್ಲಿ ಒಂದು ಪುಟ್ಟ ಎಲ್‌ಇಡಿ ಇರುತ್ತದೆ. ಕಂಪ್ಯೂಟರ್ ಆಫ್ ಆಗಿದ್ದರೂ ಕರೆಂಟ್ ಇರುವವರೆಗೆ ಅದು ಉರಿಯುತ್ತದೆ, ಯಾಕೆಂದರೆ 5 ವೋಲ್ಟಿನ ಒಂದು ಸ್ಟ್ಯಾಂಡ್‌ಬೈ ಲೈನ್ ಯಾವಾಗಲೂ ಜೀವಂತ. ಆ ದೀಪ ಮಂಕಾಗಿ ಪೂರ್ತಿ ಆರುವವರೆಗೆ ಒಳಗೆ ಕೈ ಹಾಕಬೇಡಿ.

ಇಲ್ಲಿ ಮಾವ ಒಂದು ಮಾತು ಹೇಳಿದರು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಂತೆ. ಇದು ನಮ್ಮ ಕಡೆ ತುಂಬ ಮನೆ, ಅಂಗಡಿಗಳಲ್ಲಿ ಇದೆ. ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ಅರ್ಥಿಂಗ್ ವೈರ್ ಸೇರಿಲ್ಲ ಎಂಬುದಕ್ಕೆ ಇದು ಗುರುತು. ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವ ಡಬ್ಬಿಯೇ ಎಸ್‌ಎಂಪಿಎಸ್. ಅದರ ಫಿಲ್ಟರ್ ಭಾಗದಿಂದ ಒಂಚೂರು ಕರೆಂಟ್ ಸದಾ ಅರ್ಥಿಂಗಿಗೆ ಹೋಗುತ್ತಿರುತ್ತದೆ. ದಾರಿ ಇಲ್ಲದಾಗ ಅದು ಕ್ಯಾಬಿನೆಟ್ಟಿನ ಮೈಮೇಲೆ ನಿಲ್ಲುತ್ತದೆ. ಒಳಗೆ ಏನಾದರೂ ಕೆಟ್ಟು ಲೈನ್ ವೈರೇ ಕ್ಯಾಬಿನೆಟ್ಟಿಗೆ ತಗುಲಿದ ದಿನ ಆ ಜುಮ್ ಪ್ರಾಣಕ್ಕೇ ಬರುತ್ತದೆ. ರ‍್ಯಾಮ್ ಬದಲಾಯಿಸುವುದಕ್ಕಿಂತ ಇದು ದೊಡ್ಡ ವಿಷಯ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಕನ್ವರ್ಟರ್ ಇದ್ದರೆ ಇವತ್ತೇ ಎಸೆಯಿರಿ.

ಇನ್ನು ಸ್ಟ್ಯಾಟಿಕ್. ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ ಸ್ವೆಟರ್ ತೆಗೆಯುವಾಗ ಚಟಚಟ ಅನ್ನುತ್ತದಲ್ವಾ, ಅದೇ. ಸುಮಾರು 3000 ವೋಲ್ಟ್ ಆದಾಗ ಮಾತ್ರ ನಮಗೆ ಚುರ್ ಅನ್ನುತ್ತದೆ. ಚಿಪ್ ಹಾಳಾಗಲು ಅದರ ಹತ್ತರಲ್ಲೊಂದು ಪಾಲೂ ಬೇಡ. ಅಂದರೆ ನಮಗೆ ಗೊತ್ತೇ ಆಗದಂತೆ ರ‍್ಯಾಮ್ ಕೆಡಬಹುದು. ಕೆಟ್ಟದ್ದು ಅವತ್ತೇ ಗೊತ್ತಾಗದೆ, ತಿಂಗಳಾದ ಮೇಲೆ ಕಂಪ್ಯೂಟರ್ ಆಗಾಗ ನಿಂತುಹೋಗಲೂಬಹುದು. ಹತ್ತಿಯ ಬಟ್ಟೆ ತೊಡಿ. ಭಾಗ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಮುಟ್ಟಿ. ಎದ್ದು ಓಡಾಡಿ ಬಂದರೆ ಮತ್ತೆ ಮುಟ್ಟಿ. ರಿಸ್ಟ್ ಸ್ಟ್ರ್ಯಾಪ್ ಇದ್ದರೆ ಒಳ್ಳೆಯದು. ಅದರ ವೈರಿನಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುವುದು ನಿಮ್ಮ ರಕ್ಷಣೆಗೆ. ಅದರ ಬದಲು ಬರೀ ತಾಮ್ರದ ವೈರ್ ಕೈಗೆ ಸುತ್ತಿಕೊಳ್ಳಬಾರದು.

ಬಾಗಿಲು ತೆಗೆದ ಮೇಲೆ

ಕ್ಯಾಬಿನೆಟ್ಟಿನ ಮುಂಭಾಗ ನಿಮ್ಮ ಕಡೆ ಇದ್ದಾಗ ಸಾಮಾನ್ಯವಾಗಿ ಎಡಗಡೆಯ ಬಾಗಿಲು ತೆಗೆಯಬೇಕು. ಹಿಂದೆ ಎರಡು ಸ್ಕ್ರೂ ಇರುತ್ತವೆ. ಬಿಚ್ಚಿ, ಬಾಗಿಲನ್ನು ಹಿಂದಕ್ಕೆ ಜಾರಿಸಿ. ಗಾಜಿನ ಬಾಗಿಲಾದರೆ ಕೊನೆಯ ಸ್ಕ್ರೂ ತೆಗೆಯುವಾಗ ಒಂದು ಕೈ ಗಾಜಿಗೆ ಕೊಟ್ಟಿರಿ. ಕ್ಯಾಬಿನೆಟ್ಟನ್ನು ಮಲಗಿಸಿ, ಮದರ್‌ಬೋರ್ಡ್ ಮೇಲ್ಮುಖವಾಗಿರಲಿ.

ಈಗ ಫೋಟೋ ತೆಗೆಯಿರಿ. ನಾಲ್ಕು ಮೂಲೆಯಿಂದ ನಾಲ್ಕು, ಹತ್ತಿರದಿಂದ ಒಂದಷ್ಟು. ಮುಂದಿನ ಪವರ್ ಬಟನ್, ರೀಸೆಟ್, ದೀಪಗಳ ಸಣ್ಣ ವೈರುಗಳು ಯಾವ ಪಿನ್ನಿಗೆ ಹೋಗಿವೆ ಎಂಬುದು ಅಕ್ಷರ ಓದುವಷ್ಟು ಸ್ಪಷ್ಟವಾಗಿ ಬರಬೇಕು. ಅವು ಒಮ್ಮೆ ಕಳಚಿಕೊಂಡರೆ ನೆನಪಿನಿಂದ ಜೋಡಿಸುವುದು ಕಷ್ಟ.

ಮಾವನ ಕ್ಯಾಬಿನೆಟ್ಟಿನೊಳಗೆ ಜೆರಾಕ್ಸ್ ಕಾಗದದ ನುಣ್ಣನೆ ಪುಡಿ ಕಂಬಳಿಯ ಹಾಗೆ ಕೂತಿತ್ತು. ಮೂಲೆಯಲ್ಲಿ ಒಣಗಿದ ಹಲ್ಲಿ ಮೊಟ್ಟೆ ಎರಡು. ಹಿಂಭಾಗದಲ್ಲಿ ಕಾರ್ಡ್ ಇಲ್ಲದ ಸ್ಲಾಟಿನ ತಗಡು ಎಂದೋ ಬಿದ್ದುಹೋಗಿ, ಅಲ್ಲಿಂದ ದಾರಿಯಾಗಿತ್ತು. ಇಂಥ ತೂತುಗಳನ್ನು ಮುಚ್ಚಿ. ಹಲ್ಲಿಯೋ ಜಿರಳೆಯೋ ಎಸ್‌ಎಂಪಿಎಸ್‌ನೊಳಗೆ ಹೊಕ್ಕು ಶಾರ್ಟ್ ಆಗುವುದುಂಟು. ಧೂಳನ್ನು ಬ್ರಷ್ಷಿನಿಂದ ಬಿಡಿಸಿ, ಹೊರಗೆ ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಒಳಗೆ ತರಬೇಡಿ, ಅದರ ಕೊಳವೆಯಲ್ಲೇ ಸ್ಟ್ಯಾಟಿಕ್ ಹುಟ್ಟುತ್ತದೆ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ.

ರ‍್ಯಾಮ್: ಇಲ್ಲಿ ಬಲ ಬೇಕು

ರ‍್ಯಾಮ್ ಸ್ಲಾಟಿನ ತುದಿಯಲ್ಲಿ ಬಿಳಿಯದೋ ಕರಿಯದೋ ಕೊಕ್ಕೆ ಇರುತ್ತದೆ. ಕೆಲವು ಬೋರ್ಡಿನಲ್ಲಿ ಎರಡೂ ತುದಿಗೆ, ಕೆಲವದರಲ್ಲಿ ಒಂದೇ ತುದಿಗೆ. ಹೆಬ್ಬೆರಳಿನಿಂದ ಹೊರಕ್ಕೆ ಒತ್ತಿದರೆ ರ‍್ಯಾಮ್ ಟಕ್ ಅಂತ ಮೇಲೇಳುತ್ತದೆ. ಎರಡು ಅಂಚು ಹಿಡಿದು ನೇರಕ್ಕೆ ಎತ್ತಿ. ಕೆಳಗಿನ ಬಂಗಾರದ ಬಣ್ಣದ ಹಲ್ಲುಗಳಿಗೆ ಬೆರಳು ತಾಕಿಸಬೇಡಿ, ಬೆವರಿನ ಉಪ್ಪು ಅಲ್ಲೇ ಉಳಿಯುತ್ತದೆ.

ಯಾವ ಸ್ಲಾಟಿಗೆ ಯಾವ ರ‍್ಯಾಮ್ ಎಂಬುದನ್ನು ಹಲ್ಲುಗಳ ಸಾಲಿನ ನಡುವಿನ ಕಚ್ಚೇ ಹೇಳುತ್ತದೆ. ಡಿಡಿಆರ್3ಗೆ 240 ಪಿನ್. ಡಿಡಿಆರ್4, ಡಿಡಿಆರ್5 ಎರಡಕ್ಕೂ 288, ಆದರೆ ಕಚ್ಚಿನ ಜಾಗ ಬೇರೆ. ವೋಲ್ಟೇಜೂ ಬೇರೆ: ಡಿಡಿಆರ್3ಗೆ 1.5, ಡಿಡಿಆರ್4ಗೆ 1.2, ಡಿಡಿಆರ್5ಗೆ 1.1. ಕಚ್ಚು ಹೊಂದದೇ ಇದ್ದರೆ ಮೊದಲು ರ‍್ಯಾಮನ್ನು ತಿರುಗಿಸಿ ನೋಡಿ. ಆಗಲೂ ಹೊಂದದಿದ್ದರೆ ಅದು ನಿಮ್ಮ ಬೋರ್ಡಿನದಲ್ಲ. ಅಲ್ಲಿ ಬಲ ಹಾಕಬಾರದು.

ಕಚ್ಚು ಹೊಂದಿದ ಮೇಲೆ ಮಾತ್ರ ಬಲ ಬೇಕು. ಕೊಕ್ಕೆ ತೆರೆದು, ರ‍್ಯಾಮನ್ನು ನೇರ ನಿಲ್ಲಿಸಿ, ಎರಡು ಹೆಬ್ಬೆರಳನ್ನು ಎರಡು ತುದಿಗೆ ಇಟ್ಟು ಸಮವಾಗಿ ಒತ್ತಿ. ಅರ್ಧಕ್ಕೆ ಬಂದು ನಿಲ್ಲುತ್ತದೆ. ಅಲ್ಲೇ ಎಲ್ಲರೂ ಕೈ ಬಿಡುವುದು. ನಾನು ಒತ್ತುವಾಗ ಬೋರ್ಡ್ ಸ್ವಲ್ಪ ಬಗ್ಗಿದ್ದು ನೋಡಿ ಮಾವ ಟಾರ್ಚ್ ಪಕ್ಕಕ್ಕೆ ತಿರುಗಿಸಿಬಿಟ್ಟರು.

"ಏಯ್, ಮುರಿದುಹೋಗುತ್ತೆ ಕಣೋ!"

"ಇಲ್ಲ ಮಾವ, ಬೆಳಕು ಇಲ್ಲಿ ಬಿಡಿ. ಕೊಕ್ಕೆ ತಾನಾಗಿ ಮುಚ್ಚಿಕೊಳ್ಳಬೇಕು, ನೋಡ್ತಾ ಇರಿ."

ಟಕ್ ಅಂತ ಶಬ್ದ ಬಂತು. ಕೊಕ್ಕೆ ಎದ್ದು ರ‍್ಯಾಮಿನ ಪಕ್ಕದ ಕಚ್ಚಿಗೆ ಕೂತಿತು. ಆ ಶಬ್ದ ಬಾರದಿದ್ದರೆ ರ‍್ಯಾಮ್ ಕೂತಿಲ್ಲ ಎಂದೇ ಅರ್ಥ. ಕೊಕ್ಕೆಯನ್ನು ಕೈಯಿಂದ ಎಳೆದು ಮುಚ್ಚಿ ಸಮಾಧಾನ ಮಾಡಿಕೊಳ್ಳಬೇಡಿ. ಆದರೆ ಒಂದು ತುದಿ ಪೂರ್ತಿ ಕೂರಿಸಿ ಆಮೇಲೆ ಇನ್ನೊಂದು ತುದಿ ಒತ್ತುವುದು, ಓರೆಯಾಗಿ ತುರುಕುವುದು ತಪ್ಪು. ಬಲ ನೇರ ಕೆಳಕ್ಕೆ ಇರಬೇಕು.

ನಾಲ್ಕು ಸ್ಲಾಟ್ ಇದ್ದು ಎರಡೇ ರ‍್ಯಾಮ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದಕ್ಕೆ ಹಾಕಬೇಕು. ಹೀಗಾದರೆ ಎರಡೂ ಬೇರೆ ಬೇರೆ ಚಾನೆಲ್ಲಿನಲ್ಲಿ ಕೆಲಸ ಮಾಡುತ್ತವೆ. ಡಿಡಿಆರ್5 ಯಂತ್ರದಲ್ಲಿ ಹೊಸ ರ‍್ಯಾಮ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗೇ ಇರಬಹುದು. ಬೋರ್ಡ್ ರ‍್ಯಾಮಿಗೆ ಹೊಂದಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ನಡುವೆ ಆಫ್ ಮಾಡಬೇಡಿ.

ಮಲೆನಾಡು, ಕರಾವಳಿಯ ತೇವಕ್ಕೆ ರ‍್ಯಾಮಿನ ಹಲ್ಲು ಮಂಕಾಗಿ ಲೂಸ್ ಕಾಂಟ್ಯಾಕ್ಟ್ ಆಗುವುದು ಮಾಮೂಲಿ. ಮೆತ್ತನೆ ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ರಬ್ಬರಿನ ಪುಡಿಯನ್ನು ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಇದನ್ನು ಕ್ಯಾಬಿನೆಟ್ಟಿನಿಂದ ದೂರ ಮಾಡಿ, ಪುಡಿ ಸ್ಲಾಟಿಗೆ ಬೀಳಬಾರದು. ಮರಳುಕಾಗದ ಹಿಡಿದರೆ ಮೇಲಿನ ಚಿನ್ನದ ಪದರವೇ ಹೋಗುತ್ತದೆ.

ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿ

ಸಾಟಾ ಡಿಸ್ಕಿಗೆ, ಅಂದರೆ ವೈರಿನಿಂದ ಬೋರ್ಡಿಗೆ ಸೇರುವ ಮಾಮೂಲಿ ಡಿಸ್ಕಿಗೆ, ಎರಡು ವೈರ್. ಅಗಲವಾದದ್ದು ಪವರಿಗೆ, ಕಿರಿದಾದದ್ದು ಡೇಟಾಗೆ. ಎರಡರ ಬಾಯಿಯೂ ಇಂಗ್ಲಿಷ್ ಎಲ್ ಅಕ್ಷರದ ಹಾಗಿರುವುದರಿಂದ ತಲೆಕೆಳಗಾಗಿ ಹೋಗುವುದಿಲ್ಲ. ಡೇಟಾ ಕೇಬಲ್ಲಿಗೆ ಲೋಹದ ಸಣ್ಣ ಕ್ಲಿಪ್ ಇದ್ದರೆ ಒತ್ತಿ ಹಿಡಿದು ಎಳೆಯಿರಿ. ಕನೆಕ್ಟರನ್ನು ಹಿಡಿದು ನೇರಕ್ಕೆ ಎಳೆಯಬೇಕು, ವೈರನ್ನು ಹಿಡಿದಲ್ಲ. ಮೇಲೆ ಕೆಳಗೆ ಅಲುಗಾಡಿಸಿದರೆ ಡಿಸ್ಕಿನಲ್ಲಿರುವ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಇಲ್ಲಿ ಬಲಕ್ಕಿಂತ ನೇರ ಮುಖ್ಯ.

ಸ್ಕ್ರೂಗಳಲ್ಲಿ ಎರಡು ಜಾತಿ. 3.5 ಇಂಚಿನ ಹಾರ್ಡ್ ಡಿಸ್ಕಿಗೆ ದಪ್ಪ ಥ್ರೆಡ್ಡಿನವು, 2.5 ಇಂಚಿನ ಎಸ್‌ಎಸ್‌ಡಿಗೆ ಸಣ್ಣ ಥ್ರೆಡ್ಡಿನವು. ಅದಕ್ಕೇ ಬೇರೆ ಬೇರೆ ಬಟ್ಟಲು ಇಡಿ ಎಂದದ್ದು. ದಪ್ಪದ್ದನ್ನು ಎಸ್‌ಎಸ್‌ಡಿಗೆ ತಿರುಗಿಸಿದರೆ ತೂತೇ ಹಾಳು. ಸ್ಕ್ರೂ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಥ್ರೆಡ್ ಸೇರುವ ಜಾಗದಲ್ಲಿ ಕಟ್ ಅಂತ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಸರಿದಿಕ್ಕಿಗೆ ತಿರುಗಿಸಿದರೆ ಓರೆ ಹೋಗುವ ಮಾತೇ ಇಲ್ಲ. ನಾಲ್ಕನ್ನೂ ಸಡಿಲವಾಗಿ ಹಾಕಿಕೊಂಡು ಕೊನೆಗೆ ಬಿಗಿ ಮಾಡಿ.

ಕ್ಯಾಬಿನೆಟ್ ಹಳೆಯದಾಗಿ 2.5 ಇಂಚಿನ ಜಾಗ ಇಲ್ಲದಿದ್ದರೆ ಒಂದು ಬ್ರ್ಯಾಕೆಟ್ ತನ್ನಿ. ಎಸ್‌ಎಸ್‌ಡಿಯೊಳಗೆ ತಿರುಗುವ ಭಾಗ ಇಲ್ಲದ್ದರಿಂದ ಯಾವ ಭಂಗಿಯಲ್ಲಿದ್ದರೂ ನಡೆಯುತ್ತದೆ, ಆದರೆ ವೈರಿಗೆ ನೇತಾಡಬಾರದು.

ಎಂ.2 ಎಸ್‌ಎಸ್‌ಡಿ ಚೂಯಿಂಗ್ ಗಮ್ ಪಟ್ಟಿಯ ಹಾಗಿರುತ್ತದೆ. 2280 ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಸುಮಾರು 30 ಡಿಗ್ರಿ ಓರೆಯಾಗಿ ಸ್ಲಾಟಿಗೆ ತೂರಿಸಿ, ಹಲ್ಲು ಪೂರ್ತಿ ಒಳ ಹೋದ ಮೇಲೆ ಮೆಲ್ಲಗೆ ಕೆಳಗೆ ಮಲಗಿಸಿ, ತುದಿಯ ಸ್ಕ್ರೂ ಹಾಕಿ. ಬೆರಳ ತುದಿಯ ಬಲ ಸಾಕು. ಆ ಸ್ಕ್ರೂ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಬಿದ್ದರೆ ಹುಡುಕುವುದು ಕಷ್ಟ. ಮೇಲೆ ಹೀಟ್‌ಸಿಂಕ್ ಇದ್ದರೆ ಅದರ ಪ್ಯಾಡಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳುವುದನ್ನು ಮರೆಯಬೇಡಿ. ಕೊಳ್ಳುವಾಗ ಬೋರ್ಡ್ ಹೆಚ್ಚು ವೇಗದ ಎನ್‌ವಿಎಂಇ ಮಾದರಿಯನ್ನು ಒಪ್ಪುತ್ತದೋ, ಸಾಟಾ ಮಾದರಿಯನ್ನು ಮಾತ್ರ ಒಪ್ಪುತ್ತದೋ ನೋಡಿ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದಾಗ ಒಂದೋ ಎರಡೋ ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಹಳೇ ಡಿಸ್ಕ್ ದಿಢೀರ್ ಕಾಣದಾದರೆ ವೈರನ್ನು ಬೇರೆ ಪೋರ್ಟಿಗೆ ಬದಲಾಯಿಸಿ ನೋಡಿ.

ಬೋರ್ಡಿನ ಸೆಲ್

ದಿನಾ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ, ಬ್ಯಾಂಕಿನ ವೆಬ್‌ಸೈಟ್ ತೆರೆದಾಗಲೆಲ್ಲ ಸುರಕ್ಷಿತವಲ್ಲ ಎಂದು ಎಚ್ಚರಿಸುತ್ತಿದ್ದರೆ ತಾರೀಖು ನೆನಪಿಡುವ ಸೆಲ್ ಮುಗಿದಿರುತ್ತದೆ. ಸಿಆರ್2032, 3 ವೋಲ್ಟ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪಕ್ಕದ ಸಣ್ಣ ಕ್ಲಿಪ್ಪನ್ನು ಉಗುರಿನಿಂದ ಸರಿಸಿದರೆ ಚಿಮ್ಮಿ ಬರುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹೊಸದು ಹಾಕಿ. ಹಳೇ ಸೆಲ್ಲನ್ನು ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ. ನುಂಗಿದರೆ ಗಂಟೆಗಳಲ್ಲೇ ಅನ್ನನಾಳ ಸುಡುತ್ತದೆ.

ಗ್ರಾಫಿಕ್ಸ್ ಕಾರ್ಡ್

ಕಾರ್ಡನ್ನು ಹಿಡಿದಿಡುವುದು ಮೂರು: ಕ್ಯಾಬಿನೆಟ್ಟಿನ ಹಿಂದಿನ ಒಂದೋ ಎರಡೋ ಸ್ಕ್ರೂ, ಪವರ್ ಕೇಬಲ್, ಸ್ಲಾಟಿನ ತುದಿಯ ಕೊಕ್ಕೆ. ಮೂರನೆಯದನ್ನು ಮರೆತು ಎಳೆಯುವವರೇ ಜಾಸ್ತಿ. ದೊಡ್ಡ ಕಾರ್ಡಿನ ಅಡಿಯಲ್ಲಿ ಅದು ಕಾಣುವುದೂ ಇಲ್ಲ. ಐಸ್‌ಕ್ರೀಂ ಕಡ್ಡಿ ಬೇಕಾಗುವುದು ಇಲ್ಲಿ. ಅದನ್ನು ಒಳಗೆ ತೂರಿಸಿ ಕೊಕ್ಕೆಯನ್ನು ಕೆಳಕ್ಕೆ ಒತ್ತಿ. ಸ್ಕ್ರೂಡ್ರೈವರ್ ಬೇಡ, ಜಾರಿದರೆ ಬೋರ್ಡಿನ ಗೆರೆಗಳು ಕುಯ್ದುಹೋಗುತ್ತವೆ. ಕೊಕ್ಕೆ ಬಿಟ್ಟ ಮೇಲೆ ಕಾರ್ಡ್ ಹಗುರಾಗಿ ಮೇಲೆ ಬರುತ್ತದೆ. ಬರದಿದ್ದರೆ ಇನ್ನೂ ಏನೋ ಹಿಡಿದಿದೆ ಎಂದು ತಿಳಿದು ಹುಡುಕಿ.

ಹೊಸದಕ್ಕೆ ಎಷ್ಟು ಪವರ್ ಬೇಕು ಎಂದು ಮೊದಲೇ ನೋಡಿರಬೇಕು. ಸ್ಲಾಟ್ ಒಂದೇ 75 ವಾಟ್‌ವರೆಗೆ ಕೊಡುತ್ತದೆ. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಕೇಬಲ್ 150. ಹೊಸ ಕಾರ್ಡುಗಳ 16 ಪಿನ್ ಪ್ಲಗ್ಗನ್ನು ಸಂದೇ ಕಾಣದಂತೆ ಕೊನೆವರೆಗೆ ಒತ್ತಬೇಕು. ಅರ್ಧ ಕೂತರೆ ಅಲ್ಲೇ ಕಾದು ಪ್ಲಾಸ್ಟಿಕ್ ಕರಗುತ್ತದೆ. ಪ್ಲಗ್ಗಿನ ಬುಡದಲ್ಲೇ ವೈರನ್ನು ಮಡಿಸಬೇಡಿ. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ಲನ್ನು ಕಾರ್ಡಿಗೇ ಸಿಕ್ಕಿಸಿ. ಅಭ್ಯಾಸಬಲದಿಂದ ಬೋರ್ಡಿಗೆ ಸಿಕ್ಕಿಸಿ "ಡಿಸ್‌ಪ್ಲೇ ಬರ್ತಿಲ್ಲ" ಅಂತ ಕರೆ ಮಾಡಿದವರು ಬೇಕಾದಷ್ಟು ಜನ.

ಎಸ್‌ಎಂಪಿಎಸ್: ಬದಲಾಯಿಸಿ, ಆದರೆ ಬಿಚ್ಚಬೇಡಿ

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಚಾರ್ಜ್ ಇರುತ್ತದೆ. ವೈರ್ ಕಿತ್ತ ಮೇಲೂ ಅದು ಉಳಿದಿರಬಹುದು. ಫ್ಯಾನ್ ಕಿರುಗುಟ್ಟುತ್ತಿದೆ, ಎಣ್ಣೆ ಬಿಡೋಣ ಎಂದು ಕವರ್ ತೆಗೆಯಬೇಡಿ. ಇಡೀ ಡಬ್ಬಿ ಬದಲಾಯಿಸಿ.

ಹಿಂದಿನಿಂದ ನಾಲ್ಕು ಸ್ಕ್ರೂ. ಕೊನೆಯದನ್ನು ತೆಗೆಯುವಾಗ ಕೆಳಗಿನಿಂದ ಕೈ ಕೊಡಿ, ಮೇಲ್ಗಡೆ ಕೂತಿದ್ದರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಬೋರ್ಡಿನ 24 ಪಿನ್ ಕನೆಕ್ಟರ್ ತೆಗೆಯುವುದೇ ದೊಡ್ಡ ಕೆಲಸ. ಪಕ್ಕದ ಕ್ಲಿಪ್ಪಿನ ಮೇಲ್ತುದಿಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬೋರ್ಡಿನ ಅಂಚನ್ನು ಆನಿಸಿಕೊಂಡು, ಸ್ವಲ್ಪ ಸ್ವಲ್ಪ ಅಲುಗಿಸುತ್ತಾ ಎಳೆಯಿರಿ. ವರ್ಷಗಟ್ಟಲೆ ಕಚ್ಚಿಕೊಂಡದ್ದು ಬೇಗ ಬಿಡುವುದಿಲ್ಲ. ಹಾಕುವಾಗಲೂ ಕ್ಲಿಪ್ ಕಚ್ಚುವವರೆಗೆ ಗಟ್ಟಿಯಾಗಿ ಒತ್ತಬೇಕು. ಪ್ರೊಸೆಸರಿನ 8 ಪಿನ್ ಕೇಬಲ್ 4 ಮತ್ತು 4 ಆಗಿ ಬಿಡುತ್ತದೆ, ಗ್ರಾಫಿಕ್ಸಿನದು 6 ಮತ್ತು 2 ಆಗಿ. ಒಂದನ್ನು ಇನ್ನೊಂದರ ಜಾಗಕ್ಕೆ ತುರುಕಬೇಡಿ, ವೈರುಗಳ ಜೋಡಣೆಯೇ ಉಲ್ಟಾ.

ಈಗ ಹೇಳುವುದು ನಾನು ಕಳೆದುಕೊಂಡು ಕಲಿತದ್ದು. ಕೇಬಲ್ ಬಿಚ್ಚಿ ತೆಗೆಯಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಇರುತ್ತವಲ್ಲ, ಅಂಥದ್ದನ್ನು ಮನೆಯ ಕಂಪ್ಯೂಟರಿನಲ್ಲಿ ಬದಲಾಯಿಸುತ್ತಿದ್ದೆ. ಹಳೇ ಸಾಟಾ ಕೇಬಲ್ ಹೇಗೂ ಡಿಸ್ಕಿನ ತನಕ ಕಟ್ಟಿ ಆಗಿದೆ, ಅದನ್ನೇ ಹೊಸ ಡಬ್ಬಿಗೆ ಸಿಕ್ಕಿಸೋಣ ಎಂದುಕೊಂಡೆ. ಸರಿಯಾಗಿ ಕೂತಿತು. ಸ್ವಿಚ್ ಒತ್ತಿದ ತಕ್ಷಣ ಸುಟ್ಟ ವಾಸನೆ. ಮಗಳ ಮೊದಲ ಎರಡು ವರ್ಷದ ಫೋಟೋಗಳಿದ್ದ ಹಾರ್ಡ್ ಡಿಸ್ಕ್ ಹೋಯಿತು. ಡಬ್ಬಿಯ ಕಡೆಯ ಪಿನ್ ಜೋಡಣೆಗೆ ಒಂದು ನಿಯಮ ಇಲ್ಲ, ಕಂಪನಿಗೆ ಕಂಪನಿಗೆ, ಕೆಲವೊಮ್ಮೆ ಮಾಡೆಲ್ಲಿಗೆ ಮಾಡೆಲ್ಲಿಗೆ ಬೇರೆ. 5 ವೋಲ್ಟ್ ಬರಬೇಕಾದಲ್ಲಿ 12 ವೋಲ್ಟ್ ಬಂದಿತ್ತು. ಎಸ್‌ಎಂಪಿಎಸ್ ಬದಲಾದರೆ ಅದರ ಪ್ರತಿ ಕೇಬಲ್ಲೂ ಬದಲಾಗಬೇಕು. ಹಳೆಯವನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಯಾವ ಮಾಡೆಲ್ಲಿನದು ಎಂದು ಬರೆದು ಕಟ್ಟಿಡಿ.

ಆಫೀಸುಗಳಿಂದ ಹೊರಬಂದು ಸೆಕೆಂಡ್ ಹ್ಯಾಂಡ್ ಸಿಗುವ ಪುಟ್ಟ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ ಡಬ್ಬಿಯ ಅಳತೆಯೂ ಕನೆಕ್ಟರೂ ಬೇರೆಯೇ ಇರುತ್ತವೆ. ಬಿಚ್ಚಿ ನೋಡದೆ ಹೊಸ ಎಸ್‌ಎಂಪಿಎಸ್ ಕೊಳ್ಳಬೇಡಿ.

ಕೂಲರ್ ಮತ್ತು ಪ್ರೊಸೆಸರ್: ಇಲ್ಲಿ ಬಲ ಬೇಡ

ಮೊದಲು ಫ್ಯಾನಿನ ವೈರ್ ಕೀಳಿ. ಇಂಟೆಲ್‌ನ ಮಾಮೂಲಿ ಕೂಲರಿಗೆ ನಾಲ್ಕು ಕಾಲು. ಪ್ರತಿ ಕಾಲಿನ ತಲೆಯನ್ನು ಅದರ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆಯಿರಿ. ಹಾಕುವ ಮೊದಲು ತಲೆಗಳನ್ನು ಮೊದಲಿನ ಜಾಗಕ್ಕೆ ತಿರುಗಿಸಿ, ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ. ಟಕ್ ಶಬ್ದ ನಾಲ್ಕು ಸಲ ಕೇಳಬೇಕು. ಬೋರ್ಡಿನ ಹಿಂದುಗಡೆ ಕಾಣುವಂತಿದ್ದರೆ ನಾಲ್ಕು ಕಾಲೂ ಹೊರಬಂದಿವೆಯೇ ನೋಡಿ. ಮೂರೇ ಕಚ್ಚಿದ್ದರೆ ಕಂಪ್ಯೂಟರ್ ಕಾದು ಕಾದು ನಿಲ್ಲುತ್ತದೆ.

ಎಎಂಡಿ ಕಂಪನಿಯ, ಎಎಂ4 ಎಂಬ ಸಾಕೆಟ್ಟಿಗೆ ಕೂರುವ ಪ್ರೊಸೆಸರಿನಲ್ಲಿ 1331 ಪಿನ್‌ಗಳು ಪ್ರೊಸೆಸರಿನ ಹೊಟ್ಟೆಯಲ್ಲೇ ಇರುತ್ತವೆ. ಒಣಗಿದ ಪೇಸ್ಟ್ ಅಂಟಿನಂತಾಗಿ, ಕೂಲರ್ ಎತ್ತಿದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಗ್ಗುತ್ತವೆ. ಹಾಗಾಗಿ ಬಿಚ್ಚುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬೆಚ್ಚಗೆ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಅಂಟು ಬಿಟ್ಟಿತು ಅನ್ನಿಸಿದ ಮೇಲೆ ಎತ್ತಿ.

ಇಂಟೆಲ್‌ನಲ್ಲಿ, ಎಎಂಡಿಯ ಎಎಂ5ರಲ್ಲಿ ಪಿನ್ ಇರುವುದು ಸಾಕೆಟ್ಟಿನಲ್ಲಿ. ಕೂದಲೆಳೆಯಂಥ ಆ ಪಿನ್ನುಗಳಿಗೆ ಬಟ್ಟೆಯ ನೂಲು ಸಿಕ್ಕಿಕೊಂಡರೂ ಬಗ್ಗುತ್ತವೆ. ಅದರೊಳಗೆ ಬೆರಳು, ಬ್ರಷ್, ಬ್ಲೋವರ್ ಯಾವುದೂ ಬೇಡ. ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಅಂಚು ಹಿಡಿದು ಸುಮ್ನೆ ಇಳಿಬಿಡಿ. ತನ್ನ ಭಾರಕ್ಕೇ ಕೂರಬೇಕು. ಕೂರದಿದ್ದರೆ ಎತ್ತಿ ಮತ್ತೆ ಇಡಿ, ಒತ್ತಬೇಡಿ. ಅದು ಕೂತ ಮೇಲೆ ಸನ್ನೆಕೋಲು ಇಳಿಸುವಾಗ ಮಾತ್ರ ಕರಕರ ಸದ್ದು ಬರುತ್ತದೆ, ಸಾಕಷ್ಟು ಬಲವೂ ಬೇಕು. ಅದು ಸಹಜ.

ಹಳೇ ಪೇಸ್ಟನ್ನು ಎರಡೂ ಕಡೆಯಿಂದ ಆಲ್ಕೋಹಾಲಿನಲ್ಲಿ ಒರೆಸಿ. ಹೊಸದು ನಡುವೆ ಒಂದು ತೊಗರಿಬೇಳೆಯಷ್ಟು. ಕೂಲರಿನ ಒತ್ತಡಕ್ಕೆ ತಾನಾಗಿ ಹರಡುತ್ತದೆ. ಹೊಸ ಕೂಲರಿನ ತಳದಲ್ಲಿ ಪಾರದರ್ಶಕ ಹಾಳೆ ಇದ್ದರೆ ಕಿತ್ತಿರಬೇಕು. ಫ್ಯಾನಿನ ವೈರನ್ನು ಸಿಪಿಯು ಫ್ಯಾನ್ ಎಂದು ಬರೆದ ಪಿನ್ನಿಗೇ ಹಾಕಿ.

ಬಾಗಿಲು ಮುಚ್ಚುವ ಮೊದಲು ಒಂದು ಸಲ ಆನ್ ಮಾಡಿ

ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ, ಆನ್ ಮಾಡಿ ನೋಡಿ, ಆಮೇಲೆ ಮುಂದಿನದು. ಮೂರೂ ಒಟ್ಟಿಗೆ ಹಾಕಿ ಪರದೆ ಬರದೇ ಹೋದರೆ ತಪ್ಪು ಯಾವುದರದು ಎಂದು ಹೇಗೆ ಗೊತ್ತಾಗಬೇಕು? ಪ್ರತಿ ಸಲವೂ ವೈರ್ ಕೀಳುವುದು, 10 ಸೆಕೆಂಡ್ ಬಟನ್ ಒತ್ತುವುದು ತಪ್ಪಬಾರದು. ಆನ್ ಮಾಡುವ ಮೊದಲು ಬಟ್ಟಲಿನ ಸ್ಕ್ರೂ ಎಣಿಸಿ. ಒಂದು ಕಮ್ಮಿ ಇದ್ದರೆ ಅದು ಬೋರ್ಡಿನ ಅಡಿಯಲ್ಲಿ ಬಿದ್ದಿರಬಹುದು. ಸಿಗುವವರೆಗೆ ಕರೆಂಟ್ ಕೊಡಬೇಡಿ.

ಫ್ಯಾನ್ ತಿರುಗುತ್ತದೆ, ಪರದೆ ಬರುತ್ತಿಲ್ಲವೇ? ಮೊದಲು ರ‍್ಯಾಮನ್ನು ತೆಗೆದು ಮತ್ತೆ ಒತ್ತಿ. ಹತ್ತರಲ್ಲಿ ಏಳು ಸಲ ಅಲ್ಲೇ ಸರಿಹೋಗುವುದನ್ನು ನಾನು ಕಂಡಿದ್ದೇನೆ. ಆಮೇಲೆ ಪ್ರೊಸೆಸರಿನ 8 ಪಿನ್ ಕೇಬಲ್, ಆಮೇಲೆ ಮಾನಿಟರ್ ಕೇಬಲ್. ಆಗಲೂ ಇಲ್ಲದಿದ್ದರೆ ಒಂದೇ ರ‍್ಯಾಮ್ ಇಟ್ಟು ನೋಡಿ. ಕೊನೆಗೆ, ಪವರ್ ವೈರ್ ಕಿತ್ತು, ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಫ್ಯಾನೇ ತಿರುಗದಿದ್ದರೆ ಮುಂದಿನ ಪವರ್ ಬಟನ್ನಿನ ಸಣ್ಣ ವೈರ್ ಜಾರಿದೆಯೇ ಎಂದು ಫೋಟೋ ನೋಡಿ ಹೋಲಿಸಿ. ಸುಟ್ಟ ವಾಸನೆಯೋ ಹೊಗೆಯೋ ಬಂದರೆ ಯೋಚಿಸದೆ ಗೋಡೆಯ ಸ್ವಿಚ್ ಆರಿಸಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಬೇಕು.

ಮಾವನ ಕಂಪ್ಯೂಟರ್ ಎರಡನೇ ಸಲಕ್ಕೆ ಎದ್ದಿತು. ಮೊದಲ ಸಲ ಪರದೆ ಬರಲಿಲ್ಲ, ಹೊಸ ರ‍್ಯಾಮಿನ ಒಂದು ತುದಿ ಕೂತಿರಲಿಲ್ಲ. ಈ ಸಲ ಮಾವನೇ ಹೆಬ್ಬೆರಳಿಟ್ಟು ಒತ್ತಿದರು. ಹಳೇ ಹಾರ್ಡ್ ಡಿಸ್ಕಿಗೆ ಬಿಳಿ ಟೇಪ್ ಅಂಟಿಸಿ, ತಾರೀಖು ಬರೆದು, ಬೀರುವಿನಲ್ಲಿ ಕ್ರಯಪತ್ರದ ಫೈಲುಗಳ ಪಕ್ಕ ಇಟ್ಟಿದ್ದಾರೆ. ಎಲ್ಲ ಫೈಲೂ ಹೊಸದರಲ್ಲಿ ಇವೆ ಎಂದು ಖಾತ್ರಿಯಾಗುವ ತನಕ, ಒಂದು ತಿಂಗಳಾದರೂ, ಅದನ್ನು ಅಳಿಸಬೇಡಿ ಎಂದು ಹೇಳಿ ಬಂದಿದ್ದೇನೆ.